ಸೋರುವ ಕೋಟು

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಳೆಕೋಟು, ಕೊಡೆ, ಟಾರ್ಪಾಲು ಮಾರುವ ಅಂಗಡಿ ನನ್ನದು. ನನ್ನ ಅಂಗಡಿಯ ಕೋಟು ಹಾಕಿಕೊಂಡು ಆಗುಂಬೆಯ ಮಳೆಯಲ್ಲಿ ನಿಂತರೂ ಒಳಗಿನ ಅಂಗಿಯ ಇಸ್ತ್ರಿ ಕೆಡುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ ಎಂದುಕೊಳ್ಳಿ. ಯಾರಾದರೂ ಅನುಮಾನಪಟ್ಟರೆ ಕೋಟಿನ ತೋಳಿನ ತುದಿಗೆ ಗಂಟು ಹಾಕಿ, ಒಳಗೆ ಒಂದು ಚೊಂಬು ನೀರು ಹೊಯ್ದು, ಅವರ ತಲೆಯ ಮೇಲೆಯೇ ಹಿಡಿದು ತೋರಿಸುತ್ತೇನೆ. ಇವತ್ತಿನವರೆಗೆ ಯಾರ ತಲೆಯೂ ಒದ್ದೆಯಾಗಿಲ್ಲ.

ಜನರನ್ನು ನೀರಿನಿಂದ ಕಾಯುವ ಈ ಕಸುಬು ನನಗೆ ಒಗ್ಗಿದ್ದಕ್ಕೆ ಕಾರಣವಿದೆ. ನನಗೆ ನೀರೆಂದರೆ ಭಯ. ತುಂಗೆಯ ದಡದಲ್ಲೇ ಬೆಳೆದವನಾದರೂ ನೀರು ಮೊಣಕಾಲು ದಾಟಿದರೆ ನನ್ನ ಬಾಯಿ ಒಣಗುತ್ತದೆ. ಊರಲ್ಲಿ ಯಾರಿಗೆ ಗೊತ್ತಾದರೂ ಪರವಾಗಿರಲಿಲ್ಲ, ನನ್ನ ಹೆಂಡತಿ ತನುಜಾಳಿಗೆ ಮಾತ್ರ ಗೊತ್ತಾಗಬಾರದಿತ್ತು.

ತನುಜಾಳ ತವರು ಶರಾವತಿ ಹಿನ್ನೀರಿನ ಬದಿಯ ಹೊಳೆಬಾಗಿಲು. ನಡೆಯುವ ಮೊದಲೇ ಈಜು ಕಲಿತಳು ಎಂದು ನಮ್ಮತ್ತೆ ಹೇಳುತ್ತಾರೆ. ಸ್ವಲ್ಪ ರಿಯಾಯಿತಿ ಕಳೆದು ನಂಬಬಹುದು. ಮದುವೆಯಾದ ಹೊಸತರಲ್ಲಿ ಅತ್ತೆ ಮಾವ ನಮ್ಮಿಬ್ಬರನ್ನೂ ಸಿಗಂದೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಆಗ ಸೇತುವೆ ಎಲ್ಲಿತ್ತು? ಹಿನ್ನೀರು ದಾಟಲು ಲಾಂಚೇ ಗತಿ. ಬಸ್ಸು, ಜೀಪು, ಜನ ಎಲ್ಲವನ್ನೂ ಹೊತ್ತು ಅದು ದಡ ಬಿಟ್ಟದ್ದೇ ತಡ, ಕಾಲಡಿಯ ಕಬ್ಬಿಣ ನಡುಗಿತು. ನಾನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡೆ. ಸಿಕ್ಕಿದ್ದು ಹೊಸ ಹೆಂಡತಿಯ ಕೈ. ಎರಡು ಬಳೆ ಒಡೆದವು. ಅತ್ತೆ, ಮಾವ, ಅರ್ಧ ಊರು ನೋಡುತ್ತಿತ್ತು. ಅಷ್ಟು ಜನರ ಎದುರು ಕೈ ಹಿಡಿದ ಗಂಡನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು ತನುಜಾ. ಇವತ್ತಿಗೂ ಯಾರ ಮದುವೆ ಮನೆಗೆ ಹೋದರೂ ಹೆಂಗಸರನ್ನು ಸುತ್ತ ಕೂರಿಸಿಕೊಂಡು ಆ ಕತೆ ಹೇಳುತ್ತಾಳೆ. ಒಂದು ಸಿನಿಮಾಕ್ಕೂ ಕರೆದೊಯ್ಯದ ಗಂಡನ ಪರವಾಗಿ ಅವಳ ಬಳಿ ಇರುವುದು ಅದೊಂದೇ ಸಾಕ್ಷಿ. ನನ್ನ ಭಯದ ವಿಷಯ ಬಾಯಿಬಿಟ್ಟರೆ ಅದೂ ಹೋಗುತ್ತಿತ್ತು.

ಹೀಗಿರುವಾಗ, ಭಟ್ಕಳದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ಲಿಖಿತಾ ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಉಡುಗೊರೆ ಕೊಟ್ಟಳು. ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ಇಳಿದು ಮೀನು ನೋಡುವ ಸ್ಕೂಬಾ ಡೈವಿಂಗ್, ಅಪ್ಪ ಅಮ್ಮ ಜೋಡಿಯಾಗಿ! ತನುಜಾ ಹಿಗ್ಗಿ ಹೀರೇಕಾಯಿಯಾದಳು. ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕತೊಡಗಿದೆ.

ಇದಕ್ಕೆ ಮೈಗೆ ಅಂಟಿಕೊಳ್ಳುವಂಥ ವೆಟ್‌ಸೂಟ್ ಎಂಬ ಉಡುಪು ಹಾಕಬೇಕಂತೆ. ಅಲ್ಲೇ ಬಾಡಿಗೆಗೂ ಸಿಗುತ್ತದೆ. ಆದರೆ ಕೆಲವರು ನೀರೊಳಗೆ ಅದರಲ್ಲೇ ಒಂದಕ್ಕೆ ಹೋಗುತ್ತಾರೆ ಎಂದು ಲಿಖಿತಾ ಫೋನಿನಲ್ಲಿ ಬಾಯಿತಪ್ಪಿ ಹೇಳಿಬಿಟ್ಟಳು.

"ಥೂ! ಬಾಡಿಗೇದು ಬ್ಯಾಡ್ದೇ ಬ್ಯಾಡ," ಎಂದಳು ತನುಜಾ. "ಸ್ವಂತದ್ದೇ ತಗಳನ. ಕೋಟಿನ ವಿಷ್ಯ ನಿಮ್ಮಪ್ಪಂಗೆ ಬಿಡು. ಅವ್ರು ಪಾಸ್ ಮಾಡಿದ್ದೇ ಫೈನಲ್."

ನನಗೆ ದಾರಿ ಕಂಡಿತು. ಯಾವುದನ್ನೂ ಪಾಸ್ ಮಾಡದಿದ್ದರಾಯಿತು!

ಮುರುಡೇಶ್ವರದ ಡೈವಿಂಗ್ ಅಂಗಡಿಯ ದೀಪಕ್ ಎಂಬ ಹುಡುಗ ನನ್ನ ಅಳತೆಯ ಮೂರು ಸೂಟುಗಳನ್ನು ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ. ಒಂದನ್ನು ಬಿಡಿಸಿದರೆ ತೋಳೂ ಅರ್ಧ, ಕಾಲೂ ಅರ್ಧ. "ಇದು ಕೋಟಲ್ಲ, ಚಡ್ಡಿ. ಫೇಲ್," ಎಂದು ಫೋನ್ ಮಾಡಿದೆ.

"ನಮ್ಮ ಕಡೆ ನೀರು ಬೆಚ್ಚಗಿರ್ತದೆ ಸರ್, ಅಷ್ಟೇ ಸಾಕು," ಎಂದ ದೀಪಕ್. "ಬಂಡೆ ತರಚ್ತದೆ ಅಂತ ಹೆದರಿಕೆ ಇದ್ರೆ ಉದ್ದ ತೋಳಿನದ್ದು ನೋಡಿ."

ಉದ್ದ ತೋಳಿನವು ಎರಡಿದ್ದವು. ಐದು ಮಿಲಿಮೀಟರ್ ದಪ್ಪದ್ದು ಮುಟ್ಟಿದರೆ ಎಮ್ಮೆಯ ಚರ್ಮದ ಹಾಗಿತ್ತು. ದಪ್ಪ ಕಂಡರೆ ಕೈ ತಾನಾಗಿ ಸವರುತ್ತದೆ, ಕಸುಬಿನ ದೋಷ. ಎಲ್ಲಿ ಪಾಸ್ ಮಾಡಿಬಿಡುತ್ತೇನೋ ಎಂದು ನನಗೇ ಗಾಬರಿಯಾಯಿತು. ಪುಣ್ಯಕ್ಕೆ ದೀಪಕ್ ತಾನೇ ಅದನ್ನು ಫೇಲ್ ಮಾಡಿದ. "ಅದು ತಣ್ಣೀರಿಗೆ ಸರ್. ಇಲ್ಲಿ ಹಾಕಿದ್ರೆ ಬೆಂದು ಹೋಗ್ತೀರಿ."

ಉಳಿದದ್ದು ಮೂರು ಮಿಲಿಮೀಟರಿನದು. ತೀರಾ ಬಿಗಿ ಎಂದೆ. ಮಳೆಕೋಟನ್ನು ಯಾವಾಗಲೂ ಎರಡು ಸೈಜು ದೊಡ್ಡದೇ ಕೊಳ್ಳಬೇಕು, ಒಳಗೆ ಸ್ವೆಟರು, ಊಟದ ಡಬ್ಬಿ ಎಲ್ಲ ಹಿಡಿಸಬೇಕು ಎಂದು ಭಾಷಣ ಮಾಡಿದೆ. ಇದು ಬಿಗಿಯಾಗಿಯೇ ಇರಬೇಕು ಎಂದು ದೀಪಕ್ ಹಟ ಹಿಡಿದ. ಮಧ್ಯಾಹ್ನದ ಊಟ ತಂದಿದ್ದ ತನುಜಾ ಬುತ್ತಿಯನ್ನು ಕೆಳಗಿಟ್ಟು, "ಹಾಕ್ಕಂಡು ನೋಡಿ, ಆಮೇಲೆ ಮಾತಾಡಿ," ಎಂದಳು.

ಟಾರ್ಪಾಲಿನ ಮರೆಯಲ್ಲಿ ನಿಂತು ಹಾಕಿಕೊಂಡೆ. ಎಲ್ಲ ಕೋಟಿನ ಹಾಗೆ ಜಿಪ್ಪನ್ನು ಎದೆಯ ಮೇಲೆ ಬರುವಂತೆ ಎಳೆದೆ. ಕುತ್ತಿಗೆ ಬಿಗಿಯಿತು. ಮೊಣಕಾಲು ಮಡಚಲಿಲ್ಲ. ಹೊಟ್ಟೆಗೆ ಜಾಗ ಸಿಗದೆ ಅದು ಎದೆಗೆ ಏರಿತ್ತು. ಹಾಗೇ ಕಾಲು ಎಳೆಯುತ್ತ ಹೊರಗೆ ಬಂದರೆ, ಸೌದೆ ಮುಚ್ಚಲು ಟಾರ್ಪಾಲು ಕೇಳಿಕೊಂಡು ಬಂದಿದ್ದ ಮಾಸ್ತಮ್ಮ ಎದುರಿಗೇ ನಿಂತಿದ್ದಳು.

"ಅಯ್ಯಯ್ಯೋ ಕಾಂತರಾಜಣ್ಣ! ಎಂಥ ಆಯ್ತು ನಿಂಗೆ? ಮೈಗೆಲ್ಲ ಟ್ಯೂಬು ಸುತ್ಕಂಡಿದೀಯಲ್ಲ!"

"ಹಿಂದುಮುಂದಾಗಿದೆ ಕಣ್ರೀ," ಎಂದಳು ತನುಜಾ, ಸೆರಗು ಬಾಯಿಗೆ ಒತ್ತಿಕೊಂಡು. "ಜಿಪ್ ಬೆನ್ನಿಗೆ ಬರ್ಬೇಕು."

"ಬೆನ್ನಿಗೆ ಬಾಗ್ಲಿರೋ ಕೋಟು ನಾನು ಎಲ್ಲೂ ಕಂಡಿಲ್ಲ," ಎಂದು ರೇಗಿದೆ. "ಕೊನೇ ಪರೀಕ್ಷೆ ಒಂದಿದೆ. ಚೊಂಬು ತಗಂಡು ಕುತ್ತಿಗೆಗೆ ಹೊಯ್ರಿ ಯಾರಾದ್ರೂ."

ಹೊಯ್ಯಲು ಮಾಸ್ತಮ್ಮನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ತಣ್ಣೀರು ಕುತ್ತಿಗೆಯಿಂದ ಇಳಿದು, ಹೊಟ್ಟೆ ಸುತ್ತಿ, ಹೇಳಬಾರದ ಜಾಗಗಳಿಗೆಲ್ಲ ಹೋಗಿ ನಿಂತಿತು. ನಾನು ಗೆದ್ದೆ ಎಂದು ಕೂಗಿದೆ. "ಸೋರ್ತದೆ! ಮೂರಕ್ಕೆ ಮೂರೂ ಫೇಲ್! ಇನ್ನು ಸಮುದ್ರ ಇಲ್ಲ, ಮೀನೂ ಇಲ್ಲ!"

ತನುಜಾಳ ಮುಖ ಸಪ್ಪಗಾಯಿತು. ನನಗೂ ಒಂದು ಗಳಿಗೆ ಪಿಚ್ಚೆನಿಸಿತು. ಆದರೂ ಬಿಡದೆ ದೀಪಕ್‌ಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಸೋರ್ಲೇಬೇಕು ಸರ್," ಎಂದ ಅವನು ನಗುತ್ತ. "ಹೆಸರೇ ವೆಟ್‌ಸೂಟ್ ಅಲ್ವಾ? ಒಳಗೆ ಬಂದ ನೀರು ನಿಮ್ಮ ಮೈ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ತದೆ. ಅದೇ ನಿಮ್ಮನ್ನ ಬೆಚ್ಚಗಿಡೋದು."

ಒದ್ದೆಯಾಗುವುದಕ್ಕೆಂದೇ ಒಂದು ಕೋಟು! ನಾನು ಇಷ್ಟು ವರ್ಷ ಎದುರಿಗೆ ಕೂತ ಗಲ್ಲಾಪೆಟ್ಟಿಗೆಯೇ ಅಲುಗಾಡಿದಂತಾಯಿತು. ಆದರೆ ಹೊಟ್ಟೆಯ ಹತ್ತಿರದ ನೀರು ಆಗಲೇ ಬೆಚ್ಚಗಾಗಿತ್ತು, ಸುಳ್ಳು ಹೇಳಲಾರೆ.

"ಹೆದರ್ಬೇಡಿ ಸರ್," ದೀಪಕ್ ಮುಂದುವರಿಸಿದ. "ಈ ಸೂಟು ತೇಲ್ತದೆ. ಹಾಕ್ಕೊಂಡ್ರೆ ಮುಳುಗ್ಬೇಕು ಅಂದ್ರೂ ಮುಳುಗೋದು ಕಷ್ಟ."

ಮೊದಲ ಸಲ ಆ ಸೂಟಿನ ಮೇಲೆ ಪ್ರೀತಿ ಹುಟ್ಟಿತು. ಇಂಥದ್ದು ಮೊದಲೇ ಸಿಕ್ಕಿದ್ದರೆ ಲಾಂಚಿನಲ್ಲೂ ಹಾಕಿಕೊಳ್ಳುತ್ತಿದ್ದೆನಲ್ಲ ಎನಿಸಿತು.

"ಅದಕ್ಕೇ ನಾವು ಸೊಂಟಕ್ಕೆ ಸೀಸದ ಗಟ್ಟಿ ಕಟ್ಟಿ ಮುಳುಗಿಸ್ತೇವೆ."

ಬಿಚ್ಚಿ, ಬಿಚ್ಚಿ ಎಂದು ಕೂಗಿದೆ. ತನುಜಾ ಜಿಪ್ ಇಳಿಸಿ ತೋಳು ಎಳೆದಳು. ಅರ್ಧ ಬಂದು ಸಿಕ್ಕಿಕೊಂಡಿತು. ಆ ಸ್ಥಿತಿಯಲ್ಲಿ ಓಡುವ ಹಾಗೂ ಇರಲಿಲ್ಲ, ಸುಳ್ಳು ಹುಡುಕುವ ಹಾಗೂ ಇರಲಿಲ್ಲ.

"ತನುಜಾ, ನಂಗೆ ನೀರಂದ್ರೆ ಹೆದ್ರಿಕೆ," ಎಂದುಬಿಟ್ಟೆ. "ಮೊದ್ಲಿಂದ್ಲೂ. ಅವತ್ತು ಲಾಂಚಲ್ಲಿ ನಿನ್ನ ಕೈ ಹಿಡ್ಕಂಡಿದ್ದೂ ಹೆದ್ರಿಕೇಗೇ. ಕಂಬಿ ಸಿಕ್ಕಿದ್ರೆ ಕಂಬಿ ಹಿಡ್ಕಂತಿದ್ದೆ."

ಕಂಬಿಯ ಮಾತು ಬೇಕಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ. ಎಳೆಯುತ್ತಿದ್ದ ತನುಜಾಳ ಕೈ ನಿಂತಿತು. ಮಾಸ್ತಮ್ಮ ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು. ನನಗೆ ಅಳು ಬರುವಂತಾಯಿತು. ಇಪ್ಪತ್ತೈದು ವರ್ಷ ಅವಳು ಜೋಪಾನ ಮಾಡಿದ್ದನ್ನು ನಾನೇ ಒಡೆದು ಹಾಕಿದ್ದೆ.

"ಲಾಂಚಲ್ಲಿ ಹೆದ್ರಿಕೆ. ಆಯ್ತು," ಎಂದಳು ತನುಜಾ ನಿಧಾನವಾಗಿ. "ಆಚೆ ದಡದಲ್ಲಿ ಇಳಿದು ವ್ಯಾನ್ ಹತ್ತಿದ್ವಲ್ಲ. ದೇವಸ್ಥಾನದ ಬಾಗ್ಲ ತನ್ಕ ನೀವು ಕೈ ಬಿಟ್ಟಿರ್ಲಿಲ್ಲ. ವ್ಯಾನಲ್ಲಿ ಎಂಥ ನೀರಿತ್ತು?"

ಯೋಚಿಸಿದೆ. ವ್ಯಾನು ನೆನಪಾಯಿತು. ಕಿಟಕಿಯಿಂದ ಬಂದ ಕೆಂಪು ಧೂಳು, ಒಡೆದ ಬಳೆಯ ಚೂರು ನನ್ನ ಬೆರಳಿಗೆ ಚುಚ್ಚಿದ್ದು, ಆದರೂ ಬೆರಳು ತೆಗೆಯದೆ ಕೂತದ್ದು ನೆನಪಾಯಿತು. ಹೆದರಿಕೆ ಮಾತ್ರ ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

ಮೇಜಿನ ಮೇಲಿನ ಫೋನು ಕೆಮ್ಮಿತು. ಅದನ್ನು ನಿಲ್ಲಿಸುವುದು ಮರೆತೇಹೋಗಿತ್ತು. "ಸರ್... ಯಾವ್ದು ಇಟ್ಕೊಳ್ತೀರಿ?"

"ಈ ಸೋರೋದನ್ನೇ ಇಟ್ಕಂತೀನಿ ಮಾರಾಯ," ಎಂದೆ. "ಇಂಥದ್ದೇ ಇನ್ನೊಂದು ಅವಳ ಅಳತೇದು ಕಳ್ಸು. ಆಮೇಲೆ ಸೀಸ ಕಟ್ಟೋವಾಗ ನಂಗೆ ಎರಡೂ ಕೈ ಎತ್ತಿ ಅಂತ ಹೇಳ್ಬೇಡ. ಒಂದು ಕೈ ಖಾಲಿ ಇರಲ್ಲ."