ಉಪ್ಪು ಬಿದ್ದ ಕೊಪ್ಪರಿಗೆ

ನಮ್ಮ ಯಜಮಾನರ ಹೆಸರು ಹೊನ್ನಪ್ಪ. ಬರೆಯುವುದಲ್ಲವೇ, ಪರವಾಗಿಲ್ಲ ಅಂತ ಗಂಡನ ಹೆಸರು ಹಾಕಿದೆ, ಬಾಯಿಬಿಟ್ಟು ನಾನು ಯಾವತ್ತೂ ಹೇಳಿದವಳಲ್ಲ. ಚಿನಕುರಳಿ ಪಕ್ಕದ ಊರು ನಮ್ಮದು, ಊರ ಬಾಗಿಲಲ್ಲೇ ನಮ್ಮ ಆಲೆಮನೆ. ಅದರಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಇದೆಯಲ್ಲ, ಇಬ್ಬರು ಅಂಗಾತ ಮಲಗುವಷ್ಟು ಅಗಲದ್ದು, ಅದರ ಮೇಲೆ ಅವರಿಗಿದ್ದ ಮಮಕಾರ ನೋಡಿ ಮದುವೆಯಾದ ಹೊಸದರಲ್ಲಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆಳುಗಳು ಅದರ ಹತ್ತಿರ ಕೂತು ಬುತ್ತಿ ಬಿಚ್ಚಿದರೂ ಎಬ್ಬಿಸಿ ಆಚೆ ಕಳಿಸುತ್ತಿದ್ದರು. ಉಪ್ಪು ಬಿದ್ದ ಕೊಪ್ಪರಿಗೆಯಲ್ಲಿ ಬೆಲ್ಲ ಸರಿಯಾಗಿ ಹದಕ್ಕೆ ಬರುವುದಿಲ್ಲ, ಬಂದರೂ ರುಚಿ ಕೆಡುತ್ತದೆ ಅನ್ನುವುದು ಅವರಪ್ಪ ಹೇಳಿಕೊಟ್ಟಿದ್ದು. ಈ ಕತೆ ನಡೆಯುವ ಹೊತ್ತಿಗೆ ಮಂಡ್ಯದ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ನಮ್ಮ ಅಚ್ಚುಬೆಲ್ಲ ಮೊದಲನೇ ದರ್ಜೆ. ಮೂಟೆ ಬಿಚ್ಚಿ ನೋಡದೆ ಬರೆದುಕೊಳ್ಳುತ್ತಿದ್ದರು. ಆ ಹೆಸರು ಬಿಟ್ಟರೆ ನಮ್ಮವರಿಗೆ ಬೇರೆ ಷೋಕಿ ಇರಲಿಲ್ಲ.

ತೊಂಬತ್ತಾರನೇ ಇಸವಿ, ಅವರೆಕಾಯಿ ಕಾಲ. ಊರಾಚೆಯ ಕಲ್ಲುಕೋರೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೋರ್ಟಿನಲ್ಲಿ ಏನೋ ಕೇಸಂತೆ. ಎರಡು ದಿನದಲ್ಲಿ ಬರುತ್ತೇನೆಂದು ಜೀಪು ಹತ್ತಿದ ಕಂಟ್ರಾಕ್ಟರು ಆಮೇಲೆ ಮುಖ ತೋರಿಸಲಿಲ್ಲ. ಕೋರೆಯ ಬುಡದಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ನಲವತ್ತು ಮನೆಯವರಿದ್ದರು. ಕೆ.ಆರ್. ಪೇಟೆ ಕಡೆಯ ಹರಿಜನರ ಕೇರಿಯಿಂದ ಬಂದ ಮಾರಮ್ಮ ಅನ್ನುವವಳು ಮತ್ತು ಅವಳ ಕಡೆಯವರು, ಕಲ್ಲು ಕೆತ್ತುವ ಗಂಜಾಮಿನ ಸಾಬರು, ಸೇಲಂ ಕಡೆಯ ಕಿರಿಸ್ತಾನರು, ದೇವಲಾಪುರದಿಂದ ಬಂದು ಕೋರೆ ಮುಂದೆ ಟೀ ಅಂಗಡಿ ಇಟ್ಟಿದ್ದ ಪಾರ್ವತಮ್ಮ. ಅವರಲ್ಲಿ ಯಾರಿಗೂ ಇಲ್ಲಿನ ರೇಷನ್ ಕಾರ್ಡಿರಲಿಲ್ಲ. ಕೂಲಿ ನಿಂತ ಮೂರನೇ ವಾರಕ್ಕೆ ಅಲ್ಲಿನ ಮಕ್ಕಳ ಸದ್ದೇ ಅಡಗಿತ್ತು.

ಡೈರಿಗೆ ಹಾಲು ಹಾಕುವ ನಾವು ಹೆಂಗಸರೆಲ್ಲ ಮಾತಾಡಿಕೊಂಡು ಮನೆಗೆ ಇಷ್ಟು ಅಂತ ಅಕ್ಕಿ, ಕಾಳು ಕೂಡಿಸಿದೆವು. ಮಾರಿಗುಡಿಯ ದೊಡ್ಡ ಹಂಡೆಗಳನ್ನು ಇಳಿಸಿ, ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಅನ್ನ ಸಾರು ಮಾಡಿ ಗಾಡಿಯಲ್ಲಿ ಕೋರೆಗೆ ಕೊಂಡೊಯ್ದೆವು. ಮಾರಮ್ಮನ ಕಡೆಯವರು ಉಂಡರು, ಸೇಲಂನವರು ಉಂಡರು. ಮಿಕ್ಕವರು ಬಾಗಿಲಲ್ಲೇ ನಿಂತು, ನಮ್ದು ಆಯ್ತು ಅಂದರು. ಎರಡನೇ ದಿನವೂ ಅದೇ ಮಾತು, ಮೂರನೇ ದಿನವೂ ಅದೇ. ಅರ್ಧ ಹಂಡೆ ಅನ್ನ ವಾಪಸ್ಸು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಹೊತ್ತಾರೆ ಎದ್ದು ಹೊಗೆ ಕುಡಿದು ಬೇಯಿಸಿದ್ದು ಇವರಿಗೆ ಸಸಾರವಾಯಿತೇ ಅಂತ ಸೆರಗು ಸಿಕ್ಕಿಸಿಕೊಂಡು ಕೇಳಲಿಕ್ಕೇ ಹೋದೆ.

ಮೊದಲು ಸಿಕ್ಕಿದವಳು ಜೈನಾಬಿ, ಗಂಜಾಮಿನ ಕಲ್ಲುಕೆಲಸದವನ ಹೆಂಡತಿ. ಊಟ ಆಯ್ತಾ ಅಂದೆ. ಆಯ್ತಕ್ಕಾ ಅಂದಳು. ಅವಳ ಹಿಂದೆ ಒಲೆ ಕಾಣುತ್ತಿತ್ತು, ಅದರಲ್ಲಿ ಬೂದಿಯೂ ಇರಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾರಮ್ಮ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

“ಬಯ್ಬೇಡ ಕಣಕ್ಕ. ಅವ್ರೂ ಪಾರ್ವತವ್ವನೂ ನೀರ್ ಕುಡ್ದು ಮನಿಕತಾವ್ರೆ. ನಿಮ್ ಹಂಡೇಲಿ ಮಾರಬ್ಬದ ಬಾಡು ಬೇಯ್ತದಲ್ಲ, ಅದ್ಕೇ ಉಣ್ಣಾಕಿಲ್ಲ. ಹೇಳುದ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಆಯ್ತು ಆಯ್ತು ಅಂತವ್ರೆ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಮಾರಿಹಬ್ಬದಲ್ಲಿ ಆ ಹಂಡೆಗಳಲ್ಲಿ ಕುರಿ ಬೇಯುತ್ತದೆ, ಒಮ್ಮೊಮ್ಮೆ ಹಂದಿಯೂ ಬೇಯುತ್ತದೆ. ಜೈನಾಬಿಗೆ ಅದು ಮುಟ್ಟಬಾರದ ಪಾತ್ರೆ. ಪಾರ್ವತಮ್ಮನೋ ಲಿಂಗ ಕಟ್ಟಿದ ಹೆಂಗಸು, ಬಾಡಿನ ವಾಸನೆಗೇ ದೂರ. ನಾವು ಹಂಡೆ ಬೆಳಗಿದ್ದನ್ನು ನೋಡಿ ಹಿಗ್ಗಿದ್ದೆವೇ ಹೊರತು ಅದರಲ್ಲಿ ಏನು ಬೆಂದಿತ್ತು ಅಂತ ಯೋಚಿಸಿರಲಿಲ್ಲ. ಹಸಿದವರು ಕೊಟ್ಟಿದ್ದನ್ನು ಉಣ್ಣುತ್ತಾರೆ ಅಂದುಕೊಂಡ ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಸರಿ, ಬೇರೆ ಪಾತ್ರೆ ಎಲ್ಲಿಂದ ತರುವುದು? ನಮ್ಮೂರಿನಲ್ಲಿ ಬಾಡು ಬೇಯದ ಮನೆಯಿಲ್ಲ. ಪಾಂಡವಪುರದ ಶಾಮಿಯಾನದ ಅಂಗಡಿಯವರ ಪಾತ್ರೆ ಯಾವ ಬೀಗರೂಟದಿಂದ ಬಂದಿರುತ್ತದೋ ದೇವರೇ ಬಲ್ಲ. ಹುಟ್ಟಿದಾಗಿನಿಂದ ಕಬ್ಬಿನ ಹಾಲು ಬಿಟ್ಟು ಇನ್ನೊಂದನ್ನು ಕಾಣದ ಪಾತ್ರೆ ನನಗೆ ಗೊತ್ತಿದ್ದಂತೆ ಒಂದೇ ಒಂದು. ಅದನ್ನು ಕೇಳುವುದಕ್ಕಿಂತ ನಮ್ಮವರ ಕಿಡ್ನಿ ಕೇಳುವುದು ಸುಲಭವಿತ್ತು.

ಬೆಳಿಗ್ಗೆ ಹಸು ಕರೆಯುವಾಗ ಕೇಳಿಯೇಬಿಟ್ಟೆ. ಅವರು ಕರುವನ್ನು ಎಳೆದು ಗೂಟಕ್ಕೆ ಕಟ್ಟಿದರು. ಎರಡನೇ ಸಲ ಕೇಳಿದಾಗ, ಆಲೆ ಹೂಡಿ ಕಬ್ಬು ಅರೆಯುವುದಕ್ಕೆ ಇನ್ನು ಹದಿನೈದು ದಿನವೂ ಇಲ್ಲ, ಬೆಲ್ಲ ಕೆಟ್ಟರೆ ಇಪ್ಪತ್ತು ವರ್ಷದ ಹೆಸರು ಒಂದೇ ಮೂಟೆಗೆ ಹೋಗುತ್ತದೆ ಅಂದರು. ನಾನು ಸುಮ್ಮನಿರುವವಳೇ? ಆ ಹೆಸರನ್ನೇ ಉಪ್ಪಿನಕಾಯಿ ಹಾಕಿ ಇಟ್ಟುಕೊಳ್ಳಿ ಅಂದೆ. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. 

ಮಧ್ಯಾಹ್ನ ಬಂದವರು ಜಗಲಿ ಮೇಲೆ ಕೂತು ನೀರು ಕುಡಿದರು. ಕೋರೆ ಹತ್ತಿರ ಹೋಗಿದ್ದರಂತೆ.

“ಆ ಬೂಬಮ್ಮ, ಜೈನಾಬಿ ಮಗ ನಮ್ ಗದ್ದೆ ಬದೂಲಿ ಮುರುದ್ಬಿದ್ದಿದ್ ಕಬ್ಬು ಅಗೀತಿದ್ದ,” ಅಂದರು. “ನನ್ ನೋಡ್ಬುಟ್ಟು ಬಿಸಾಕ್ದ. ಊಟ ಆಯ್ತೇನ್ಲಾ ಅಂದೆ. ಆಯ್ತು ಅಂದ, ಅವರವ್ವ ಏಳ್ದಂಗೇಯ.”

 ಚೊಂಬು ಕೆಳಗಿಟ್ಟು ಎದ್ದು ಆಲೆಮನೆಗೆ ಹೋಗಿ ಕೊಪ್ಪರಿಗೆಗೆ ಮುಚ್ಚಿದ್ದ ತೆಂಗಿನ ಗರಿ ತೆಗೆದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರ ಹಿಂದೆ ಓಡಿದೆ.

ಮಾರನೇ ದಿನ ಕೋರೆಯವರೆಲ್ಲ ಆಲೆಮನೆ ಮುಂದೆ ಸೇರಿದರು. ಜೈನಾಬಿ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದಳು, ಪಾರ್ವತಮ್ಮ ಮೂಸಿಯೇ ನೋಡಿದರು. ಬೆಲ್ಲದ ವಾಸನೆ ಬಿಟ್ಟು ಬೇರೇನೂ ಇಲ್ಲ ಅಂತ ಇಬ್ಬರೂ ಒಪ್ಪಿದ ಮೇಲೆ ಕೆಲಸ ಶುರುವಾಯಿತು. ಕೂತವರೆಲ್ಲ ಅವರೆಕಾಯಿ ಸುಲಿದರು. ಪಾರ್ವತಮ್ಮ ಒಗ್ಗರಣೆ ಹಾಕಿದರು, ಮಾರಮ್ಮ ಅಕ್ಕಿ ತೊಳೆದು ಸುರಿದಳು, ಸೇಲಂನ ಗಂಡಸರು ಒಣಗಿದ ಕಬ್ಬಿನ ಸಿಪ್ಪೆ ತಳ್ಳಿ ಉರಿ ನೋಡಿಕೊಂಡರು. ಅವರೆಕಾಳಿನ ಅನ್ನ ಕೊತಕೊತ ಕುದಿಯತೊಡಗಿತು.

ಉಪ್ಪು ಹಾಕುವ ಹೊತ್ತು ಬಂತು. ಬಟ್ಟಲು ನನ್ನ ಕೈಯಲ್ಲಿತ್ತು, ಕೈ ಮಾತ್ರ ಏಳಲಿಲ್ಲ. ಬಯ್ದು ಒಪ್ಪಿಸಿದವಳೇ ನಾನು, ಆದರೂ ಆಗಲಿಲ್ಲ. ಕೊಪ್ಪರಿಗೆಯ ವಿಷಯ ಊರಿಗೇ ಗೊತ್ತಿತ್ತಲ್ಲ, ಎಲ್ಲರೂ ನಮ್ಮವರ ಮುಖ ನೋಡಿದರು. ಅವರು ಹತ್ತಿರ ಬಂದು ಬಟ್ಟಲು ಈಸಿಕೊಂಡರು.

“ತತ್ತಾ ಇಲ್ಲಿ. ನಾನೇ ಆಕ್ತೀನಿ. ನಾಳೀಕೆ ಬೆಲ್ಲ ಕೆಟ್ರೆ ತಪ್ಪು ಬ್ಯಾರೆ ಯಾರ್ ಕೈಗೂ ಬರ್ಬಾರ್ದು.”

ಪಾಕದ ಹದ ನೋಡುವ ಆ ಕೈಯಿಂದ ಒಂದೊಂದೇ ಹಿಡಿ ಉಪ್ಪನ್ನು ಸುತ್ತಲೂ ಹಾಕಿದರು. ಹಾಕುವಾಗ ತುಟಿ ಬಿಗಿಯಾಗಿದ್ದನ್ನು ನಾನೊಬ್ಬಳೇ ಕಂಡೆ.

ಎಲೆ ಹಾಕುವಾಗ ನಮ್ಮೂರಿನವರೊಬ್ಬರು, ಮಾರಮ್ಮನ ಕಡೆಯವರಿಗೆ ಆಚೆ ಬೇರೆ ಸಾಲು ಅಂದರು. ಕೋರೆಯಲ್ಲಿ ಬಡಿಸುವಾಗ ನಾವೂ ಹಾಗೇ ಮಾಡಿದ್ದೆವು, ಸುಳ್ಳು ಯಾಕೆ ಹೇಳಲಿ. ಆವತ್ತು ಮಾತ್ರ ನನಗೆ ಆ ಮಾತು ಕೇಳಿ ನಾಚಿಕೆಯಾಯಿತು. ಅಕ್ಕಿ ತೊಳೆದವಳು ಎಲ್ಲಿ ಕೂರುತ್ತಾಳೋ ಸಾಲು ಅಲ್ಲಿಂದಲೇ ಶುರು ಅಂತ ಹೇಳಿ ಮೊದಲನೇ ಎಲೆ ಮಾರಮ್ಮನ ಮುಂದೆ ಹಾಸಿದೆ. ಅಂದವರು ಗೊಣಗುತ್ತಾ ಹೋದರು. ಹೋಗಲಿ ಬಿಡಿ, ಅವರ ಮನೆಯಲ್ಲಿ ಊಟವಿತ್ತು.

ಜೈನಾಬಿ ಮೊದಲು ಮಗನಿಗೆ ತಿನ್ನಿಸಿದಳು. ಆಮೇಲೆ ತಾನು ತಲೆ ಎತ್ತದೆ ಉಂಡಳು. ಎಲೆ ಬರಿದಾದಾಗ ನನ್ನ ಕಡೆ ನೋಡಿ, ಇನ್ನೊಂಚೂರು ಹಾಕಕ್ಕಾ ಅಂದಳು. ನಾನು ಬದುಕಿನಲ್ಲಿ ಎಷ್ಟೋ ಹೊಗಳಿಕೆ ಕೇಳಿದ್ದೇನೆ, ಇದರಷ್ಟು ದೊಡ್ಡದು ಯಾವುದೂ ಅಲ್ಲ. ಹತ್ತು ದಿನ ಆ ಕೊಪ್ಪರಿಗೆ ಕೆಳಗೆ ಉರಿ ಆರಲಿಲ್ಲ. ಹನ್ನೊಂದನೇ ದಿನ ಕೋರ್ಟಿನ ತಡೆ ತೆರವಾಗಿ ಕೋರೆ ಮತ್ತೆ ಶುರುವಾಯಿತು.

ಆಮೇಲೆ ನಮ್ಮವರು ಕೊಪ್ಪರಿಗೆಯನ್ನು ಮೂರು ದಿನ ಉಜ್ಜಿದರು. ಬೂದಿ ಹಾಕಿ ಉಜ್ಜಿದರು, ಹುಣಸೆಹಣ್ಣು ಹಾಕಿ ಉಜ್ಜಿದರು, ನೀರು ಕುದಿಸಿ ಚೆಲ್ಲಿದರು. ಆಲೆ ಹೂಡಿದ ದಿನ ಮೊದಲನೇ ಪಾಕದ ಅಚ್ಚು ಒಡೆದು ಚೂರು ಬಾಯಿಗೆ ಹಾಕಿಕೊಂಡು ಚೀಪಿದರು. ಉಪ್ಪಿದೆ ಅಂದರು. ನಾನು ತಿಂದೆ, ಆಳುಗಳು ತಿಂದರು, ನಮಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಬಣ್ಣವೂ ಹೊನ್ನಿನಂತೆ ಇತ್ತು. ಸುಮ್ಮನೆ ಮಾರಿ ಅಂದೆ. ಅವರು ಉಳಿದ ಅಚ್ಚುಗಳನ್ನು ಮೂಟೆಗೆ ತುಂಬಿಸಿದರು.

ಏನಾಗುತ್ತದೋ ಅನ್ನುವ ಅಳುಕಿಗೆ ಆ ಸಲ ನಾನೂ ಬೆಲ್ಲದ ಟ್ರಾಕ್ಟರು ಹತ್ತಿ ಮಂಡ್ಯಕ್ಕೆ ಹೋದೆ. ಮಂಡಿಯ ಅಂದಾನಯ್ಯನವರು ಎಂದಿನಂತೆ ಮೂಟೆ ಬಿಚ್ಚದೆ ಪೆನ್ನು ತೆಗೆದರು. ನಮ್ಮವರು ಅವರ ಕೈ ತಡೆದು, ಎರಡನೇ ದರ್ಜೆ ಅಂತ ಬರೆಯಿರಿ ಅಂದರು. ಅಂದಾನಯ್ಯ ಒಂದು ಅಚ್ಚು ತೆಗೆಸಿ, ಒಡೆದು, ತಿಂದು, ಚೆನ್ನಾಗೇ ಇದೆಯಲ್ಲ ಹೊನ್ನಪ್ಪನವರೇ, ಏನಾಗಿದೆ ಇದಕ್ಕೆ ಅಂತ ಕೇಳಿದರು. ಅಕ್ಕಪಕ್ಕದ ಅಂಗಡಿಯವರೂ ಹಮಾಲಿಗಳೂ ತಿರುಗಿ ನೋಡಿದರು. ನಾನು ನೆಲ ನೋಡಿದೆ.

“ಉಪ್ ಬಿದ್ದದೆ,” ಅಂದರು ನಮ್ಮವರು, ಮಂಡಿಗೆಲ್ಲ ಕೇಳುವಂತೆ. “ನಿಮ್ ನಾಲ್ಗೆಗೆ ಗೊತ್ತಾಗಾಕಿಲ್ಲ, ನಂಗೊತ್ತು. ನಾನೇ ಕೈಯ್ಯಾರೆ ಆಕ್ದೆ. ಸಾಬ್ರು, ಲಿಂಗಾಯ್ತ್ರು, ಕಿರಿಸ್ತಾನ್ರು, ಮಾರಮ್ಮನ ಕೇರಿಯವ್ರು, ನಾವು, ಎಲ್ಲಾ ಒಂದೇ ಸಾಲ್ನಲ್ಲಿ ಕುಂತು ಹತ್ತು ದಿನ ಉಂಡವ್ರೆ ಆ ಕೊಪ್ಪರ್ಗೇಲಿ. ಬರ್ಕಳಿ, ಎರಡ್ನೇದು.”

ಅಂದಾನಯ್ಯ ಬರೆದುಕೊಂಡರು. ಆಮೇಲೆ ಮೊದಲನೇ ದರ್ಜೆಯ ಬೆಲ್ಲ ನಾವು ಬೇಕಾದಷ್ಟು ಮಾರಿದ್ದೇವೆ. ಎರಡನೇ ದರ್ಜೆ ಬೆಲ್ಲವನ್ನು ಅಷ್ಟು ಜಂಬದಿಂದ ಮಾರಿದ ಇನ್ನೊಬ್ಬ ಗಂಡಸನ್ನು ನಾನು ಆ ಮಂಡಿಯಲ್ಲಿ ಕಂಡಿಲ್ಲ.