ಖಾಲಿ ಮಂಜಿನ ತೋಳು

ಕಂಪಿನಾಸ್ ನಗರದ ನಮ್ಮ ಪ್ರಯೋಗಾಲಯದ ಮೊಗಸಾಲೆಯಲ್ಲಿ ಆಳೆತ್ತರದ ಒಂದು ಚಿತ್ರ ತೂಗುತ್ತಿತ್ತು. ನೀಲಿ ಗಂಟು, ಅದರ ಬಲಕ್ಕೆ ಚಾಚಿಕೊಂಡ ಕಿತ್ತಳೆ ಬಣ್ಣದ ತೋಳು. ಜೀವಕೋಶದೊಳಗೆ ಬೇಡದ ಜೀನುಗಳ ಬಾಯಿ ಮುಚ್ಚಿಸುವ ಪ್ರೋಟೀನುಗಳ ಕೂಟ ಅದು. ಚಿತ್ರ ಮಾಡಿದವಳು ನಾನು, ಎಡಿಲೇನಿ. ಆ ತೋಳು ಸುಳ್ಳೆಂಬುದು ಮಾರ್ಚ್ ತಿಂಗಳಿನಿಂದಲೇ ನನಗೆ ಗೊತ್ತಿತ್ತು.

ಪ್ರೋಟೀನಿನ ಹನಿಯನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಆ ತೆಳ್ಳನೆಯ ಮಂಜಿನ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಡುವುದು ನಮ್ಮ ಕೆಲಸ. ಕಾಣುವುದು ಬೂದಿ ಚೆಲ್ಲಿದಂಥ ಮಬ್ಬು ಮಾತ್ರ. ಅದರಿಂದ ಲಕ್ಷಗಟ್ಟಲೆ ಚುಕ್ಕೆಗಳನ್ನು ಆರಿಸಿ ಒಂದರ ಮೇಲೊಂದು ಹೇರಿದಾಗ ಆಕಾರ ಮೂಡುತ್ತದೆ. ಆರಿಸುವುದು ಕಂಪ್ಯೂಟರ್, ಆದರೆ ‘ಇಂಥದ್ದನ್ನು ಹುಡುಕು’ ಎಂದು ಅದಕ್ಕೊಂದು ಮಾದರಿ ಕೊಡಬಹುದು, ಬೇಗ ಆಗುತ್ತದೆ. ಮಾದರಿಯನ್ನು ಮಸುಕು ಮಾಡಿ ಕೊಡುವುದು ರೂಢಿ, ಇಲ್ಲದಿದ್ದರೆ ಕಂಪ್ಯೂಟರ್ ಬರೀ ಮಬ್ಬಿನಲ್ಲೂ ಅದನ್ನೇ ಹುಡುಕಿ ತೆಗೆಯುತ್ತದೆ. ಅವಸರದಲ್ಲಿದ್ದ ನಾನು ಯೀಸ್ಟಿನ ಇಂಥದೇ ಕೂಟದ ಹಳೆಯ ಚಿತ್ರವನ್ನು ಹಾಗೇ ಕೊಟ್ಟೆ. ಅದಕ್ಕೆ ತೋಳಿತ್ತು. ನಮ್ಮದಕ್ಕೂ ತೋಳು ಬಂತು.

ಆ ಪ್ರೋಟೀನನ್ನು ಎರಡು ವರ್ಷ ಕೂತು ಶುದ್ಧಮಾಡಿದವಳು ಜಸಿರಾ, ಡಾಕ್ಟರೇಟಿಗಾಗಿ ಬೆಲೆಮ್‌ನಿಂದ ಬಂದವಳು. ತೋಳೆನ್ನುವ ಭಾಗವನ್ನು ಅವಳು ಕತ್ತರಿಸಿ ನೋಡಿದ್ದಳು. ಜೀನುಗಳು ಮುಂಚಿನಂತೆಯೇ ಸುಮ್ಮನಿದ್ದವು.

“ತೋಳು ಅಂತ ಇದ್ರೆ ತಾನೇ ಕಡಿದಾಗ ನೋವಾಗೋದು,” ಎಂದಿದ್ದಳು.

ನಮ್ಮ ಪ್ರೊಫೆಸರ್ ಅನ್ಸೆಲ್ಮೊ ಒಪ್ಪಲಿಲ್ಲ. “ಕಣ್ಣಿಗೆ ಕಾಣ್ತಿರೋದನ್ನ ಇಲ್ಲ ಅಂದ್ರೆ ಹೆಂಗಮ್ಮಾ? ನಿನ್ನ ಪ್ರೋಟೀನೇ ಕೆಟ್ಟಿದೆ. ಮತ್ತೆ ಮಾಡು.”

ಅವಳು ಮತ್ತೆ ಮಾಡಿದಳು. ಅದೇ ಉತ್ತರ. ಮೂರನೆಯ ಸಲ ಶುರುಮಾಡಿದಳು.

ನಾನು ಚಿಕ್ಕವಳಿದ್ದಾಗ, ನಮ್ಮೂರ ಕಡೆ, ಸಿಯಾರಾದ ಒಣನೆಲದಲ್ಲಿ, ನನ್ನ ಅಜ್ಜ ಸಂಜೆಗಳಲ್ಲಿ ಪದ್ಯ ಹೇಳುತ್ತಿದ್ದ. ನಾನು ಅವನ ಕಾಲ ಬಳಿ ಕೂತು ಕೇಳುತ್ತಿದ್ದೆ. ಅವನು ಕೆಮ್ಮಿ ಸಾಲಿನ ಕೊನೆಯನ್ನು ನುಂಗಿದರೂ ಪ್ರಾಸ ನನ್ನ ಕಿವಿಯಲ್ಲಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಅಜ್ಜ ಹೇಳಿಯೇ ಹೇಳಿದ ಎಂದು ಆಣೆಯಿಟ್ಟು ನುಡಿಯುತ್ತಿದ್ದೆ. ಮಾರ್ಚಿನ ಒಂದು ಭಾನುವಾರ ಚರ್ಚಿನಲ್ಲಿ ಪೂಜೆಯ ನಡುವೆ ಪಾದ್ರಿಗಳು ಕೆಮ್ಮಿದರು. ನುಂಗಿಹೋದ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಂಪ್ಯೂಟರೂ ಹೀಗೇ ಇಲ್ಲದ ತೋಳನ್ನು ಕೂಡಿಸಿಕೊಂಡಿರಬಹುದೇ ಎಂದು ಕೂತಲ್ಲೇ ಹೊಳೆಯಿತು.

ಮರುದಿನ ಪ್ರೋಟೀನೇ ಇಲ್ಲದ, ಬರೀ ಮಂಜಿನ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟೆ. ಮಾದರಿ ಅದೇ. ಸಂಜೆಗೆ ನೀಲಿ ಗಂಟೂ ಮೂಡಿತ್ತು, ತೋಳೂ ಮೂಡಿತ್ತು. ಕಡತಕ್ಕೆ ‘ಪರೀಕ್ಷೆ’ ಎಂದು ಹೆಸರಿಟ್ಟು ಮುಚ್ಚಿದೆ.

ಆ ತೋಳಿನ ಬಗ್ಗೆ ನಾವು ಬರೆದ ಲೇಖನ ಆಗಲೇ ಅಚ್ಚಾಗಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡೆ. ಭಾನುವಾರಗಳಲ್ಲಿ ಎದೆಗೆ ಮುಷ್ಟಿ ತಟ್ಟಿ ತಪ್ಪೊಪ್ಪುವ ಗಳಿಗೆ ಬಂದಾಗ ನನ್ನ ಮುಷ್ಟಿ ಮೆತ್ತಗೆ ಬೀಳುತ್ತಿತ್ತು, ದೇವರಿಗೆ ಸದ್ದು ಕೇಳಬಾರದು ಎನ್ನುವ ಹಾಗೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಜಸಿರಾ ಚೀಸ್ ರೊಟ್ಟಿ ಮುರಿಯುತ್ತಾ ಹೇಳಿದಳು: “ಶುಕ್ರವಾರ ಸಹಿ ಹಾಕ್ತೀನಿ ಕಣೇ ಲೇನಿ. ಡಾಕ್ಟರೇಟು ಬಿಟ್ಟೆ. ಅಕ್ಕನ ಶಾಲೇಲಿ ಪಾಠ ಹೇಳ್ಕೊಂಡಿರ್ತೀನಿ.”

“ಯಾಕೆ?”

“ನನ್ನ ಕೈಗುಣಾನೇ ಸರಿ ಇಲ್ಲ. ಮೂರು ಸಲ ಒಂದೇ ಥರ ಕೆಡ್ಸೋದಕ್ಕೂ ಪ್ರತಿಭೆ ಬೇಕು ಬಿಡು.”

ನಕ್ಕಳು. ಆಮೇಲೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅದನ್ನು ನೋಡಲಾಗಲಿಲ್ಲ ನನಗೆ.

“ಬಾ ಇಲ್ಲಿ,” ಎಂದು ಕಂಪ್ಯೂಟರಿನ ಮುಂದೆ ಕೂರಿಸಿ ಎರಡು ಚಿತ್ರ ತೆರೆದೆ.

“ಎರಡೂ ಒಂದೇ ಅಲ್ವೇನೇ?”

“ಎಡಗಡೇದು ನಿನ್ನ ಪ್ರೋಟೀನು. ಬಲಗಡೇದು ಖಾಲಿ ಮಂಜು. ನಿನ್ನ ಕೈ ಸರಿಯಾಗೇ ಇದೆ. ಕೆಟ್ಟಿದ್ದು ನನ್ನ ಮಾದರಿ.”

ಅವಳು ಚಿತ್ರ ನೋಡಲಿಲ್ಲ, ಕೆಳಗಿದ್ದ ತಾರೀಖು ನೋಡಿದಳು.

“ಮಾರ್ಚಿಂದು.”

“ಹೂಂ.”

“ಆಗ ಮೂರನೇ ಸಲ ಶುರು ಮಾಡಿದ್ದೆ. ನೀನು ದಿನಾ ಕಾಫಿ ತಂದ್ಕೊಡ್ತಿದ್ದೆ.”

“ಹೇಳೋಕೆ ಬಾಯಿ ಬರ್ಲಿಲ್ಲ.”

“ನನ್ನ ಜೊತೆ ಕೂತು ಕಾಫಿ ಕುಡಿಯೋಕೆ ಬರ್ತಿತ್ತಲ್ಲ.”

ಅವಳೇ ಎದ್ದು ಪ್ರೊಫೆಸರರ ಕೋಣೆಯ ಬಾಗಿಲು ತಟ್ಟಿದಳು. ಹೇಳಬೇಕಾದದ್ದನ್ನು ನಾನು ಹೇಳಿದೆ. ಅನ್ಸೆಲ್ಮೊ ಎರಡು ಚಿತ್ರಗಳನ್ನೂ ನೋಡಿ ಕನ್ನಡಕ ತೆಗೆದರು.

“ಇದು ಯಾರ್ಯಾರಿಗೆ ಗೊತ್ತು?”

“ಮಂಜಿಗೆ ಗೊತ್ತು, ಪ್ರೊಫೆಸರೇ,” ಎಂದಳು ಜಸಿರಾ.

ಅವರು ತಲೆ ತಗ್ಗಿಸಿದರು. “ಲೇಖನ ವಾಪಸ್ ತಗೊಳ್ತೀವಿ ಅಂತ ಬರಿ, ಎಡಿಲೇನಿ. ಕಾರಣಾನೂ ಬರಿ. ಕೆಳಗೆ ನನ್ನ ಹೆಸರೂ ಇರ್ಲಿ. ಈ ಹುಡುಗಿನ ನಂಬದೇ ಹೋದವನು ನಾನು.”

ಶುಕ್ರವಾರ ಜಸಿರಾ ಸಹಿ ಹಾಕಲಿಲ್ಲ. ನಾನು ಮಾದರಿಯಿಲ್ಲದೆ ಎಲ್ಲವನ್ನೂ ಮೊದಲಿನಿಂದ ಆರಿಸಿದೆ. ಆರು ವಾರ ಹಿಡಿಯಿತು. ತೋಳಿಲ್ಲದ ದುಂಡನೆಯ ಗಂಟು ಬಂತು. ಮೊಗಸಾಲೆಯ ಗೋಡೆಯಲ್ಲಿ ಹಳೆಯ ಚಿತ್ರವಿದ್ದ ಕಡೆ ಈಗ ಬಣ್ಣ ಮಾಸದ ಒಂದು ಚೌಕವಿದೆ.

ಜಸಿರಾ ಈಗ ತನ್ನ ಕಾಫಿಯನ್ನು ತಾನೇ ಮಾಡಿಕೊಳ್ಳುತ್ತಾಳೆ. ಹೊಸ ಚಿತ್ರ ತೋರಿಸಲು ಹೋದರೆ ಕುರ್ಚಿ ಎಳೆದುಕೊಳ್ಳುವ ಮುಂಚೆ ಒಂದೇ ಮಾತು ಕೇಳುತ್ತಾಳೆ: “ಖಾಲಿ ಮಂಜಿಂದು ಮೊದ್ಲು ತೋರ್ಸು.”

ತೋರಿಸುತ್ತೇನೆ. ಅವಳು ನೋಡಿ ಮುಗಿಸುವವರೆಗೆ ನಿಂತೇ ಇರುತ್ತೇನೆ.