ಓಜೀತಳ ಕೈರುಚಿ

ಕತ್ತರಿ ಮೊಂಡಾಗಿತ್ತು. ಚರ್ಚಿನ ಮೆಟ್ಟಿಲ ಮೇಲೆ ಕೂತು ವರ್ಲಿ ಹೂಚಕ್ರದ ರಿಬ್ಬನ್ನನ್ನು ಜಗ್ಗಿ ಜಗ್ಗಿ ಕತ್ತರಿಸುತ್ತಿದ್ದಳು. ಅಗಲವಾದ ಬಿಳಿ ಪಟ್ಟಿಯ ಮೇಲೆ ಬಂಗಾರದ ಅಕ್ಷರಗಳು: ‘ನಮ್ಮ ಕೇಜನ್ ಕುಟುಂಬದ ಓಜೀತಳಿಗೆ, ಗಿಡ್ರೋಜ್ ಹೋಟೆಲಿನಿಂದ.’ ಅವಳಿಗೆ ಬೇಡವಾಗಿದ್ದದ್ದು ಒಂದೇ ಒಂದು ಪದ.

“ಸತ್ತವಳ ಹೂವಿಗೆ ಕತ್ತರಿ ಹಾಕ್ತಾರೇನೇ?” ಚಿಕ್ಕಮ್ಮ, ತಾಂತ್ ಫಿಲೊಮೆನ್, ಕೋಲೂರಿಕೊಂಡು ಬಂದಳು. ತೀರಿಕೊಂಡ ಓಜೀತಳಿಗೆ ಅವಳೊಬ್ಬಳೇ ತಂಗಿ. ವರ್ಲಿ ಒಬ್ಬಳೇ ಮಗಳು.

“ಹೂವಿಗಲ್ಲ ತಾಂತ್, ಮಾತಿಗೆ.”

“ಬಿಡೆ ಶಾ, ನನ್ನ ಮುದ್ದೇ. ನಲವತ್ತು ವರ್ಷ ಅನ್ನಿಸ್ಕೊಂಡ್ಳು. ಇನ್ನೊಂದು ಗಂಟೆ ಅನ್ನಿಸ್ಕೊಂಡ್ರೆ ಸವೆದೇನೂ ಹೋಗಲ್ಲ.”

“ಮಣ್ಣೊಳಗೂ ಅನ್ನಿಸ್ಕೋಬೇಕಾ?”

‘ಕೇಜನ್’ ಕಿತ್ತು ಬಂತು. ವರ್ಲಿ ಅದನ್ನು ಗಾಳಿಗೆ ಬಿಟ್ಟಳು. ಅದು ಹಾರಿ ಹೋಗಿ ಶವದ ಕಾರಿನ ಚಕ್ರದಡಿ ಬಿತ್ತು.

ನ್ಯೂ ಆರ್ಲಿಯನ್ಸಿನ ಪಶ್ಚಿಮಕ್ಕಿರುವ ಒಪಲೂಸಸ್ ಊರಿನ ಸುತ್ತಲಿನ ಈ ಬಯಲಲ್ಲಿ ಫ್ರೆಂಚ್ ಮಾತಾಡುವ ಬಿಳಿಯರು ಕೇಜನ್ನರು. ಫ್ರೆಂಚ್ ಮಾತಾಡುವ ಕಪ್ಪು, ಕಂದು ಮೈಯವರು ಕ್ರಿಯೋಲರು. ನಾಲಿಗೆ ಒಂದೇ, ಅಡುಗೆ ಹೆಚ್ಚುಕಡಿಮೆ ಒಂದೇ, ಸ್ಮಶಾನ ಮಾತ್ರ ಎರಡು. ಓಜೀತ್ ಚಿಕ್ಕವಳಿದ್ದಾಗ ಇದೇ ಚರ್ಚಿನಲ್ಲಿ ಬಿಳಿಯರಿಗೆ ಮುಂದಿನ ಬೆಂಚು, ಅವಳಂಥವರಿಗೆ ಹಿಂದಿನ ಬೆಂಚು. ಈವತ್ತು ಹೋಟೆಲಿನ ಬಿಳಿ ಯಜಮಾನ ರಾಡ್ನಿ ಗಿಡ್ರೋಜ್ ಒಬ್ಬನೇ ಬಂದು ಕೊನೆಯ ಬೆಂಚಿನಲ್ಲಿ ಕೂತ. ಐವತ್ತು ವರ್ಷದ ದಪ್ಪ ಆಳು. ಪಾದ್ರಿ ಓಜೀತಳ ಎಂಬತ್ತನಾಲ್ಕು ವರ್ಷಗಳನ್ನು ಆರು ನಿಮಿಷದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವನ ಶರ್ಟಿನ ಕೊರಳು ಕಣ್ಣೀರಿನಿಂದ ಒದ್ದೆಯಾಗಿತ್ತು. ವರ್ಲಿಯ ಕಣ್ಣು ಒಣಗಿಯೇ ಇತ್ತು. ಅದನ್ನು ನಾಲ್ಕು ಜನ ಗಮನಿಸಿದರು.

*

ಓಜೀತ್ ಗಿಡ್ರೋಜ್ ಹೋಟೆಲಿಗೆ ಅಡುಗೆಯವಳಾಗಿ ಸೇರಿದಾಗ ಅವಳ ಜನ ಅಲ್ಲಿ ಊಟ ಕೊಳ್ಳಬೇಕಾದರೆ ಹಿತ್ತಿಲ ಬಾಗಿಲಿಗೆ ಹೋಗಬೇಕಿತ್ತು. ಆಗಿನ ಯಜಮಾನ, ರಾಡ್ನಿಯ ಅಪ್ಪ ಕ್ಲೋವಿಸ್, ಅವಳ ಓರಗೆಯವನು. ಶಾಲೆಯಲ್ಲಿ ಫ್ರೆಂಚ್ ಮಾತಾಡಿದ್ದಕ್ಕೆ ಇಬ್ಬರೂ ಜೋಳದ ಕಾಳಿನ ಮೇಲೆ ಮಂಡಿಯೂರಿದವರು, ಬೇರೆ ಬೇರೆ ಶಾಲೆಗಳಲ್ಲಿ. ಅಡುಗೆಮನೆಯಲ್ಲಿ ಇಬ್ಬರೂ ಫ್ರೆಂಚಿನಲ್ಲಿ ಪೋಲಿ ಜೋಕು ಹೇಳಿಕೊಂಡು ನಗುತ್ತಿದ್ದರು. ಆಗೆಲ್ಲ ‘ಕೇಜನ್’ ಅನ್ನುವುದು ಬಡ ಬಿಳಿಯನಿಗೆ ಬೈಗುಳ. ಯಾರೋ ಹಾಗಂದರೆಂದು ಕ್ಲೋವಿಸ್ ಒಮ್ಮೆ ಹೊಡೆದಾಡಿ ಹಲ್ಲು ಕಳೆದುಕೊಂಡಿದ್ದ. ಕಾಲ ತಿರುಗಿತು. ದೇಶಕ್ಕೆಲ್ಲ ಕೇಜನ್ ಊಟದ ಹುಚ್ಚು ಹಿಡಿಯಿತು. ಬೈಗುಳವೇ ಬೋರ್ಡಿನ ಮೇಲೆ ಕೆಂಪಕ್ಷರವಾಯಿತು.

೧೯೮೬ರಲ್ಲಿ ನ್ಯೂಯಾರ್ಕಿನಿಂದ ಟಿವಿಯವರು ಬಂದರು. ಕ್ಲೋವಿಸ್ ಹೊಸ ಏಪ್ರನ್ ಕಟ್ಟಿಕೊಂಡು ಓಜೀತ್ ಬೆಳಗಿನಿಂದ ಕುದಿಸಿದ್ದ ಗಂಬೋ ಸಾರಿಗೆ ಸೌಟು ಹಾಕಿ ನಿಂತ. ಓಜೀತ್ ಹಿಂದೆ ಸಿಗಡಿ ಸುಲಿಯುತ್ತಿದ್ದಳು. ಟಿವಿಯ ಹೆಂಗಸಿಗೆ ಏನು ಅನ್ನಿಸಿತೋ, ಮೈಕು ಹಿಡಿದು ನೇರ ಅವಳ ಹತ್ತಿರ ಹೋದಳು.

“ನಿಮಗೆ ಈ ಅಡುಗೆ ಕಲಿಸಿದ್ದು ಯಾರು?”

ಓಜೀತ್ ಕ್ಲೋವಿಸ್‌ನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

“ಮಿಸ್ಟರ್ ಕ್ಲೋವಿಸ್ ಅವರ ಅಜ್ಜಿ” ಅಂದಳು. ಆ ಅಜ್ಜಿಯನ್ನು ಅವಳು ಕಣ್ಣಿಂದಲೂ ಕಂಡಿರಲಿಲ್ಲ.

ಅದು ಟಿವಿಯಲ್ಲಿ ಬಂದ ದಿನ ಓಣಿಯೆಲ್ಲ ಓಜೀತಳ ಮನೆಯಲ್ಲಿ ಸೇರಿತ್ತು. ಹತ್ತೊಂಬತ್ತರ ವರ್ಲಿ ಎಲ್ಲರೆದುರೇ ಎದ್ದು ಟಿವಿ ಆರಿಸಿದಳು.

“ಕಲಿಸಿದ್ದು ನಿನ್ನಮ್ಮ ಅಲ್ವಾ? ಯಾಕಮ್ಮಾ ಹಾಗಂದೆ?”

“ನಾಳೆ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಹೋಗಬೇಕಾದವಳು ನಾನು. ನೀನಲ್ಲ.”

“ಹಾಗಾದ್ರೆ ಆ ಗಂಬೋನ ಅಲ್ಲೇ ಬೇಯಿಸ್ಕೋ. ನಾನು ಕಲಿಯಲ್ಲ, ತಿನ್ನಲ್ಲ.”

ಹುಡುಗಿಯ ಕೋಪ, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡರು. ಇಳಿಯಲಿಲ್ಲ.

*

ಮಣ್ಣು ಮುಗಿಸಿ ಜನ ಚರ್ಚಿನ ಊಟದ ಹಾಲಿಗೆ ಬಂದರು. ಒಳಗಿನ ಅಡುಗೆಮನೆಯಲ್ಲಿ ವರ್ಲಿ ತಾನು ನಿನ್ನೆ ಮಾಡಿದ್ದ ಗಂಬೋ ಬಿಸಿ ಮಾಡುತ್ತಿದ್ದಳು. ತಾಯಿಯ ಮಣ್ಣಿನ ದಿನದ ಊಟಕ್ಕೆ ಮಗಳು ಗಂಬೋ ಇಡದಿದ್ದರೆ ಆಡಿಕೊಳ್ಳುತ್ತಾರೆ. ಅಂಗಡಿಯ ಪಾಕೀಟಿನ ಪುಡಿ ಕಲಸಿ ಮಾಡಿದ್ದು, ಬಣ್ಣವೇನೋ ಬಂದಿತ್ತು.

ಹಿಂಬಾಗಿಲು ತೆರೆಯಿತು. ರಾಡ್ನಿ ಎದೆಗೊತ್ತಿಕೊಂಡು ಒಂದು ದೊಡ್ಡ ಸ್ಟೀಲ್ ಪಾತ್ರೆ ತಂದಿದ್ದ. ಪಾತ್ರೆಯ ಹೊಟ್ಟೆಯ ಮೇಲೆ ಬಣ್ಣದಲ್ಲಿ ಬರೆದಿತ್ತು: ‘ಗಿಡ್ರೋಜ್, ಅಸಲಿ ಕೇಜನ್.’

“ವರ್ಲಿ, ಎಲ್ಲಿಡ್ಲಿ ಇದನ್ನ?”

“ಕಾರಲ್ಲಿಡು.”

“ಹಾಗನ್ಬೇಡ್ವೇ, ಮಿಸ್ಟರ್ ರಾಡ್ನಿ ಪಾಪ ಹೊತ್ಕೊಂಡು ಬಂದಿದ್ದಾರೆ” ಎಂದಳು ಮೂಲೆಯಲ್ಲಿ ಕೂತಿದ್ದ ಫಿಲೊಮೆನ್. ತನಗಿಂತ ಮೂವತ್ತು ವರ್ಷ ಚಿಕ್ಕವನಿಗೆ ಅವಳು ‘ಮಿಸ್ಟರ್’ ಅನ್ನುತ್ತಿದ್ದಳು. ಅವನು ಅವಳ ಅಕ್ಕನನ್ನು ಕೊನೆಯವರೆಗೂ ಬರೀ ‘ಓಜೀತ್’ ಅಂದವನು.

ರಾಡ್ನಿ ಪಾತ್ರೆಯನ್ನು ಮೇಜಿನಂಚಿಗೆ ಆನಿಸಿ ಉಸಿರು ಬಿಟ್ಟ. “ಹೋಟೆಲಲ್ಲಿ ಅವಳ ಫೋಟೋ ಹಾಕಿಸ್ತಿದ್ದೀನಿ. ಬಾಗಿಲ ಎದುರಿಗೇ. ಕೆಳಗೆ ‘ನಮ್ಮ ಕೇಜನ್ ಅಡುಗೆಯ ತಾಯಿ’ ಅಂತ.”

“ನನ್ನಮ್ಮ ಕೇಜನ್ ಅಲ್ಲ.”

“ಗೊತ್ತಮ್ಮ. ನಾನು ಅಡುಗೆ ವಿಷಯ ಹೇಳಿದ್ದು. ಟೊಮೇಟೊ ಹಾಕಿದ್ರೆ ಕ್ರಿಯೋಲ್, ಹಾಕದಿದ್ರೆ ಕೇಜನ್. ಪುಸ್ತಕದಲ್ಲೆಲ್ಲಾ ಹಾಗೇ ಇದೆ. ಅವಳು ಯಾವತ್ತೂ ಹಾಕಿದವಳಲ್ಲ.”

“ಅಯ್ಯಯ್ಯೋ!” ಫಿಲೊಮೆನ್ ಕೋಲಿನಿಂದ ನೆಲ ಕುಟ್ಟಿದಳು. “ಟೊಮೇಟೊ ಹಾಕೋರು ನ್ಯೂ ಆರ್ಲಿಯನ್ಸಿನ ಪೇಟೆ ಕ್ರಿಯೋಲರು. ನಾವು ಬಯಲಿನವ್ರು. ಅಂದ್ರೆ ಮಿಸ್ಟರ್ ರಾಡ್ನಿ, ನಾನು ಟೊಮೇಟೊ ತಿಂದ ದಿನ ಕ್ರಿಯೋಲು, ತಿನ್ನದ ದಿನ ಕೇಜನ್ನಾ? ಹಾಗಿದ್ರೆ ಸತ್ತ ದಿನ ತಿನ್ನದೆ ಇರ್ತೀನಿ. ನಿಮ್ಮ ಕಡೆ ಸ್ಮಶಾನದಲ್ಲೇ ಮಲಗಿಸಿ, ನೆರಳು ಚೆನ್ನಾಗಿದೆ.”

ತಟ್ಟೆ ಒರೆಸುತ್ತಿದ್ದ ಇಬ್ಬರು ಹೆಂಗಸರು ಬೆನ್ನು ತಿರುಗಿಸಿ ನಕ್ಕರು. ರಾಡ್ನಿಯ ಕಿವಿ ಕೆಂಪಾಯಿತು.

“ಹೆಸರಲ್ಲೇನಿದೆ ತಾಂತ್, ಎಲ್ಲಾ ಒಂದೇ ಅಲ್ವಾ?”

“ಒಂದೇ ಆದ್ರೆ ಕ್ರಿಯೋಲ್ ಅಂತ ಬರೆಸು” ವರ್ಲಿ ಅಂದಳು. “ಬೋರ್ಡಲ್ಲಿ, ಫೋಟೋ ಕೆಳಗೆ, ಈ ಪಾತ್ರೆ ಮೇಲೆ. ನಾಳೇನೇ ಬರೆಸು.”

ರಾಡ್ನಿ ಪಾತ್ರೆಯ ಮುಚ್ಚಳ ಸರಿಮಾಡಿದ. “ಬರೋ ಟೂರಿಸ್ಟುಗಳಿಗೆ ಅದು ಅರ್ಥ ಆಗಲ್ಲ” ಎಂದ, ತಗ್ಗಿದ ದನಿಯಲ್ಲಿ.

“ಅಲ್ಲಿಗೆ ಒಂದೇ ಅಲ್ಲ ಅಂತಾಯ್ತು. ಎತ್ಕೋ ಪಾತ್ರೆ.”

ಅವನು ಎತ್ತಿಕೊಳ್ಳಲಿಲ್ಲ. ಮುಖ ಸಣ್ಣದಾಯಿತು, ಅಳುತ್ತಾನೇನೋ ಅನ್ನುವಂತೆ. ಆಮೇಲೆ ಹೇಳಿದ:

“ಅಪ್ಪ ಹಾಸಿಗೆ ಹಿಡಿದ ಮೇಲೆ ಹನ್ನೆರಡು ವರ್ಷ ಅವಳ ಪಕ್ಕ ನಿಂತೆ ನಾನು. ಹಿಟ್ಟು ಸೀದಾಗೆಲ್ಲ ಮಣಿಕಟ್ಟಿನ ಮೇಲೆ ಸೌಟಿಂದ ಹೊಡೆಸ್ಕೊಂಡೆ. ‘ಮಗಳಿಗೆ ಬೇಡವಂತೆ, ನೀನಾದ್ರೂ ನೆಟ್ಟಗೆ ಕಲಿ’ ಅಂತಿದ್ಲು. ಈಗ ಹೇಳು ವರ್ಲಿ. ನೀನೆಲ್ಲಿದ್ದೆ?”

*

ಕಳೆದ ವರ್ಷ, ಮೊದಲ ಚಳಿ ಬಿದ್ದ ಭಾನುವಾರ, ವರ್ಲಿ ಅಮ್ಮನ ಮನೆಯ ಮೇಜಿನಲ್ಲಿ ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಓಜೀತ್ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು, ಗಂಬೋಗೆಂದು ಎಣ್ಣೆಗೆ ಹಿಟ್ಟು ಸುರಿದು ಕರೆದಳು.

“ಬಾರೇ, ನಿಂತು ನೋಡು. ಬಾಯಲ್ಲಿ ಹೇಳಕ್ಕಾಗಲ್ಲ ಇದನ್ನ. ವಾಸನೆ ತಿರುಗೋದನ್ನ ಮೂಗಲ್ಲೇ ಹಿಡೀಬೇಕು.”

“ಆಮೇಲೆ ಅಮ್ಮ.”

“ಬೆಂಡೆಕಾಯಿನ ಲೋಳೆ ಸಾಯೋವರೆಗೂ ಹುರೀಬೇಕು. ಅದನ್ನ ಕ್ಲೋವಿಸ್‌ಗೆ ಕೊನೇವರೆಗೂ ತಿಳಿಯಕ್ಕೆ ಬಿಡ್ಲಿಲ್ಲ ನಾನು.” ಓಜೀತ್ ಕಳ್ಳನಗೆ ನಕ್ಕಳು.

“ರಾಡ್ನಿಗೆ ಹೇಳ್ಕೊಟ್ಟಿದ್ದೀಯಲ್ಲ. ಸಾಕು ಬಿಡು.”

ಓಜೀತ್ ಬಾಣಲೆಗೆ ತಿರುಗಿದಳು. ಸ್ವಲ್ಪ ಹೊತ್ತು ಕೈಯಾಡಿಸಿದಳು. ಆಮೇಲೆ ಉರಿ ಆರಿಸಿ, ಇನ್ನೂ ಬಣ್ಣ ತಿರುಗದ ಹಿಟ್ಟನ್ನು ಹಾಗೇ ಬಿಟ್ಟು ಹೊರಗಿನ ಕುರ್ಚಿಯಲ್ಲಿ ಹೋಗಿ ಕೂತಳು. ಫೆಬ್ರುವರಿಯಲ್ಲಿ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಮಾತು ಅದರ ಹಿಂದೆಯೇ ಹೋಯಿತು.

*

ಚರ್ಚಿನ ಅಡುಗೆಮನೆಯಲ್ಲಿ ವರ್ಲಿ ಮೇಜಿನಿಂದ ಸರಿದು ನಿಂತಳು. ಒಂದು ದೊಡ್ಡ ಟವೆಲ್ ತಂದು, ಬಣ್ಣದ ಅಕ್ಷರ ಕಾಣದಂತೆ ಪಾತ್ರೆಗೆ ಬಿಗಿಯಾಗಿ ಸುತ್ತಿ ಪಿನ್ನು ಚುಚ್ಚಿದಳು. “ತಗೊಂಡು ಹೋಗಿಡು” ಎಂದಳು.

ಹಾಲಿನಲ್ಲಿ ಎರಡು ಗಂಬೋ ಅಕ್ಕಪಕ್ಕ ಇದ್ದವು. ಮರ್ಯಾದೆಗೆಂದು ಮೊದಲ ನಾಲ್ಕು ಜನ ಮಗಳದ್ದು ಹಾಕಿಸಿಕೊಂಡರು. ಐದನೆಯವನು ಓಜೀತಳ ಹಳೆಯ ನೆರೆಯ ಮುದುಕ ಅಲ್ಸೀದ್. ಕಣ್ಣು ಮಂಜಾದ ಅವನು ಕೈಗೆ ಸಿಕ್ಕಿದ ಸೌಟು ಹಿಡಿದು ರಾಡ್ನಿಯದನ್ನು ಅನ್ನದ ಮೇಲೆ ಸುರಿದುಕೊಂಡ. ಒಂದು ಚಮಚ ಬಾಯಿಗಿಟ್ಟವನು ಹಾಗೇ ನಿಂತುಬಿಟ್ಟ.

“ಬಂದ್ಲಲ್ಲೋ” ಎಂದ. “ಓಜೀತ್ ಎದ್ದು ಬಂದ್ಲಲ್ಲೋ!”

ಅಲ್ಲಿಂದ ಮುಂದೆ ಸಾಲು ಒಂದೇ ಕಡೆ ಬಾಗಿತು. ಮೊದಲ ನಾಲ್ವರೂ ಬಟ್ಟಲು ಖಾಲಿ ಮಾಡದೆ ಎರಡನೆಯ ಬಟ್ಟಲು ಹಿಡಿದು ಬಂದರು. ಫಿಲೊಮೆನ್ ಒಂದೊಂದು ತುತ್ತಿಗೂ “ಕಳ್ಳ, ಕಳ್ಳನ ಮಗ” ಎನ್ನುತ್ತಾ, ಮೂಗು ಸೊರಗುಟ್ಟುತ್ತಾ ತಿಂದಳು. ಬ್ರೆಡ್ಡಿನಿಂದ ಬಟ್ಟಲು ಸವರಿ, “ಇನ್ನೊಂಚೂರು ಹಾಕೋ” ಎಂದು ಆ ಕಳ್ಳನ ಮಗನೆದುರಿಗೇ ಚಾಚಿದಳು. ವರ್ಲಿ ತನ್ನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತೇ ಇದ್ದಳು. ಅದರ ಮೇಲೆ ಕೆನೆಗಟ್ಟಿತು. ಅವಳ ಕಡೆ ಯಾರೂ ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ.

ನಾಲ್ಕು ಗಂಟೆಗೆ ಹಾಲು ಖಾಲಿಯಾಯಿತು. ರಾಡ್ನಿ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಸಂಜೆಯ ಗಿರಾಕಿಗಳಿಗೆ ಅವನ ಪಾತ್ರೆ ವಾಪಸು ಬೇಕಿತ್ತು.

ವರ್ಲಿ ಅವನಿಗೆ ಬೆನ್ನು ಹಾಕಿ ತೊಟ್ಟಿಯ ಮುಂದೆ ನಿಂತಿದ್ದಳು. ನಲ್ಲಿ ಬಿಟ್ಟಿರಲಿಲ್ಲ. ಕಪ್ಪು ಬಟ್ಟೆಯ ತೋಳು ಮೊಣಕೈವರೆಗೆ ಮಡಚಿ, ಭುಜದವರೆಗೂ ಅವನ ಪಾತ್ರೆಯೊಳಗೆ ಬಗ್ಗಿ, ತಳಕ್ಕೆ ಹತ್ತಿದ್ದ ಗಸಿಯನ್ನು ಉಗುರಿನಿಂದ ಕೆರೆದು ಕೆರೆದು ಬೆರಳು ನೆಕ್ಕುತ್ತಿದ್ದಳು.

“ವರ್ಲಿ?”

“ಒಂದ್ನಿಮಿಷ ತಡಿ” ಎಂದಳು, ಪಾತ್ರೆಯೊಳಗಿಂದ, ಬಾಯಿ ತುಂಬಿಕೊಂಡೇ.